ಕಾಯಿದೆಯ ‘ಅವನು’

1850ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ತನ್ನ ಕಾಯಿದೆಗಳ ಭಾಷೆಯನ್ನು ಮೊಟಕು ಮಾಡುವುದಕ್ಕೆಂದೇ ಒಂದು ಕಾಯಿದೆ ತಂದಿತು. ಲಾರ್ಡ್ ಬ್ರೂಮ್ ಅವರ ಹೆಸರಿನಿಂದ ಗುರುತಿಸಲಾಗುವ ಈ ಕಾಯಿದೆಗೆ ಮುಂಚೆ ‘ಅವನು ಅಥವಾ ಅವಳು ಅಥವಾ ಅವರು’ ಎಂದು ಎಲ್ಲವನ್ನೂ ಬಿಡಿಸಿ ಬರೆಯುವ ರೂಢಿ ಬಹಳವಾಗಿತ್ತು. ವಾಕ್ಯಗಳು ಎಳೆದಷ್ಟೂ ಉದ್ದವಾಗುತ್ತಿದ್ದವು. ನಾಲ್ಕನೇ ಕಲಂ ಈ ತೊಡಕನ್ನು ಬಿಡಿಸಿತು. ಪುಲ್ಲಿಂಗದ ಪದ ಬಂದ ಕಡೆ ಹೆಂಗಸರೂ ಸೇರಿದ್ದಾರೆ, ಏಕವಚನ ಬಂದ ಕಡೆ ಬಹುವಚನವೂ ಸೇರಿದೆ ಎಂದು ತಿಳಿಯಬೇಕು. ಹಾಗಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ಬೇರೆ. ಬರೆಯುವವರ ಅನುಕೂಲಕ್ಕೆ ಹುಟ್ಟಿದ ಈ ನಿಯಮ ಮುಂದೆ ವೋಟಿನ ಹಕ್ಕು, ವಕೀಲಿಕೆ, ಶಾಸನಸಭೆಯ ಸ್ಥಾನ ಎಲ್ಲದರ ವ್ಯಾಜ್ಯದಲ್ಲೂ ವಾದಕ್ಕೆ ಬಂದಿತು.

ಆ ಕಲಮಿನಲ್ಲಿ ಎರಡು ಬೇರೆ ಸಂಗತಿಗಳು ಒಟ್ಟಿಗೆ ಕೂತಿವೆ. ಪುಲ್ಲಿಂಗ ಎಂಬಲ್ಲಿ ಇಂಗ್ಲಿಷ್ ಮೂಲ ಬಳಸಿದ್ದು ‘ಜೆಂಡರ್’ ಎಂಬ ಪದವನ್ನು. ಅದು ಆಗ ಮುಖ್ಯವಾಗಿ ವ್ಯಾಕರಣದ ಮಾತು, ಪದಗಳ ಗುಣ. ಹೆಂಗಸರು ಎಂಬುದು ದೇಹವುಳ್ಳ ಮನುಷ್ಯರನ್ನು ಕುರಿತದ್ದು. ಅದಕ್ಕೆ ಇಂಗ್ಲಿಷಿನಲ್ಲಿ ‘ಸೆಕ್ಸ್’ ಎಂಬ ಪದವಿತ್ತು. ಪದದ ಲಿಂಗಕ್ಕೂ ದೇಹದ ಲಿಂಗಕ್ಕೂ ನಂಟು ಖಾಯಂ ಅಲ್ಲವೆಂಬುದು ಭಾರತದ ವೈಯಾಕರಣರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ. ದೇಹದ ಗುರುತುಗಳಿಂದ ಲಿಂಗವನ್ನು ನಿರ್ಣಯಿಸಹೊರಟರೆ ಮಂಚಕ್ಕೂ ಮರಕ್ಕೂ ಯಾವ ಗುರುತು ಎಂಬ ತೊಡಕನ್ನು ಪತಂಜಲಿಯ ಮಹಾಭಾಷ್ಯ ಚರ್ಚಿಸುತ್ತದೆ. ಕನ್ನಡ ಬೇರೆ ದಾರಿ ಹಿಡಿದ ಭಾಷೆ. ಇಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ: ಗಂಡಸಾದರೆ ಬಂದನು, ಹೆಂಗಸಾದರೆ ಬಂದಳು, ಮಿಕ್ಕದ್ದೆಲ್ಲ ಬಂದಿತು. ಬಹುವಚನದಲ್ಲಿ ಗಂಡು ಹೆಣ್ಣಿನ ಭೇದವೇ ಇಲ್ಲ, ಎಲ್ಲರೂ ಬಂದರು.

ಇಂಗ್ಲಿಷಿನಲ್ಲೂ ಜನರ ಬಾಯಲ್ಲಿ ಇಂಥದೊಂದು ದಾರಿ ಇತ್ತು. ಯಾರೆಂದು ಗೊತ್ತಿಲ್ಲದ ಒಬ್ಬರ ಬಗ್ಗೆ ‘ಅವರು’ ಎಂಬ ಬಹುವಚನ ಸರ್ವನಾಮ ಬಳಸುವುದು ಹದಿನಾಲ್ಕನೇ ಶತಮಾನದ ಚಾಸರನ ಕಾಲದಿಂದಲೂ ಉಂಟು. ಹದಿನೆಂಟನೇ ಶತಮಾನದ ನಡುವಿನಲ್ಲಿ ಶಾಲಾ ವ್ಯಾಕರಣಗಳು ಇದನ್ನು ತಪ್ಪೆಂದು ಸಾರತೊಡಗಿ, ಪುಲ್ಲಿಂಗವೇ ಇಬ್ಬರನ್ನೂ ಒಳಗೊಳ್ಳುತ್ತದೆ ಎಂಬ ಸೂತ್ರ ಕೊಟ್ಟವು. ಹಾಗೆ ಬರೆದ ಮೊದಲಿಗರಲ್ಲಿ ನ್ಯೂಕ್ಯಾಸಲ್ಲಿನ ಶಿಕ್ಷಕಿ ಆನ್ ಫಿಶರ್ ಒಬ್ಬರು. ಶಾಲೆಯ ಆ ಸೂತ್ರವೇ ನೂರು ವರ್ಷದ ನಂತರ ಕಾಯಿದೆಯಾಯಿತು.

ಭಾರತಕ್ಕೆ ಅದು ಬೇಗ ಬಂತು. 1860ರ ಭಾರತೀಯ ದಂಡ ಸಂಹಿತೆಯ ಎಂಟನೇ ಕಲಮಿನ ತಲೆಬರಹವೇ ‘ಜೆಂಡರ್’. ‘ಅವನು’ ಎಂಬ ಸರ್ವನಾಮ ಗಂಡಾಗಲಿ ಹೆಣ್ಣಾಗಲಿ ಯಾವ ವ್ಯಕ್ತಿಗೂ ಅನ್ವಯಿಸುತ್ತದೆ ಎಂಬುದು ಅದರ ಸಾರ. 1897ರ ಜನರಲ್ ಕ್ಲಾಸಸ್ ಕಾಯಿದೆಯ 13ನೇ ಕಲಂ ಎಲ್ಲ ಕೇಂದ್ರ ಕಾಯಿದೆಗಳಿಗೂ ಈ ನಿಯಮ ಹಾಕಿತು. ವಿಷಯಕ್ಕೋ ಸಂದರ್ಭಕ್ಕೋ ಹೊಂದದಿದ್ದರೆ ಬಿಡಬಹುದು ಎಂಬ ಸಂದನ್ನೂ ಉಳಿಸಿತು. ಮೈಸೂರು ಸಂಸ್ಥಾನ 1899ರಲ್ಲಿ ತನ್ನದೇ ಜನರಲ್ ಕ್ಲಾಸಸ್ ಕಾಯಿದೆ ಮಾಡಿಕೊಂಡಿತು. ಹೆಸರು ಬದಲಾಗಿ ಅದು ಕರ್ನಾಟಕದಲ್ಲಿ ಇಂದಿಗೂ ಜಾರಿಯಲ್ಲಿದೆ.

ನಿಯಮ ಎಷ್ಟು ಗಟ್ಟಿ ಎಂಬುದು ಮೊದಲು ಬಯಲಾದದ್ದು ಮ್ಯಾಂಚೆಸ್ಟರಿನಲ್ಲಿ. 1832ರ ಇಂಗ್ಲೆಂಡಿನ ಮತದಾನ ಸುಧಾರಣೆಯ ಕಾಯಿದೆ ಮತದಾರನನ್ನು ‘ಗಂಡು ವ್ಯಕ್ತಿ’ ಎಂದೇ ಕರೆದಿತ್ತು. 1867ರ ಮಸೂದೆಯಲ್ಲಿ ಆ ಜಾಗಕ್ಕೆ ‘ಮ್ಯಾನ್’ ಎಂಬ ಪದ ಬಂತು. ಅದನ್ನು ತೆಗೆದು ‘ವ್ಯಕ್ತಿ’ ಎಂದು ಹಾಕಬೇಕೆಂದು ಜಾನ್ ಸ್ಟುವರ್ಟ್ ಮಿಲ್ ಆ ವರ್ಷದ ಮೇ 20ರಂದು ಕಾಮನ್ಸ್ ಸಭೆಯಲ್ಲಿ ತಿದ್ದುಪಡಿ ತಂದರು. ಪರವಾಗಿ 73, ವಿರುದ್ಧವಾಗಿ 196 ಮತ ಬಿದ್ದು ತಿದ್ದುಪಡಿ ಸೋತಿತು. ಆದರೂ ಹೆಂಗಸರಿಗೆ ಒಂದು ಬಾಗಿಲು ಕಂಡಿತು: 1850ರ ಕಾಯಿದೆಯ ಪ್ರಕಾರ ‘ಮ್ಯಾನ್’ ಎಂದರೆ ಹೆಂಗಸೂ ಹೌದಲ್ಲವೇ? ಮ್ಯಾಂಚೆಸ್ಟರಿನ ಐದು ಸಾವಿರಕ್ಕೂ ಹೆಚ್ಚು ಹೆಂಗಸರು ಮತದಾರರ ಪಟ್ಟಿಗೆ ತಮ್ಮ ಹೆಸರು ಸೇರಿಸುವಂತೆ ಕೇಳಿದರು. ಅವರೆಲ್ಲ ಮನೆಯ ಯಜಮಾನಿಕೆ ಇದ್ದು ತೆರಿಗೆ ಕಟ್ಟುತ್ತಿದ್ದವರು. ಅಧಿಕಾರಿಗಳು ಒಪ್ಪದೆ, 1868ರ ನವೆಂಬರಿನಲ್ಲಿ ‘ಚೋರ್ಲ್ಟನ್ ವಿರುದ್ಧ ಲಿಂಗ್ಸ್’ ಎಂಬ ಪ್ರಕರಣ ಲಂಡನ್ನಿನ ನ್ಯಾಯಾಲಯಕ್ಕೆ ಬಂತು. ಹೆಂಗಸರ ಪರ ವಾದಿಸಿದವರಲ್ಲಿ ರಿಚರ್ಡ್ ಪ್ಯಾಂಕ್‌ಹರ್ಸ್ಟ್ ಇದ್ದರು. ಮತದ ಹಕ್ಕಿನ ಹೋರಾಟಗಾರ್ತಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರನ್ನು ಅವರು ಮದುವೆಯಾದದ್ದು ಇದಾದ ಹನ್ನೊಂದು ವರ್ಷಕ್ಕೆ. ನ್ಯಾಯಾಧೀಶರು ಹೆಂಗಸರ ವಾದವನ್ನು ತಳ್ಳಿಹಾಕಿದರು. ಹೆಂಗಸಾಗಿರುವುದೇ ಮತದಾನಕ್ಕೆ ಕಾನೂನಿನ ಅನರ್ಹತೆ, ಬರೀ ವ್ಯಾಕರಣದ ನಿಯಮದಿಂದ ಅಷ್ಟು ದೊಡ್ಡ ಬದಲಾವಣೆಯನ್ನು ಪಾರ್ಲಿಮೆಂಟು ಮಾಡಿದೆಯೆಂದು ನಂಬಲಾಗದು ಎಂದರು. ಹೆಂಗಸರನ್ನು ಹೊರಗಿಟ್ಟದ್ದು ಅವರಿಗೆ ಬುದ್ಧಿ ಸಾಲದೆಂದಲ್ಲ, ಅವರ ಮೇಲಿನ ಗೌರವದಿಂದ ಎಂಬ ಮಾತೂ ಆ ತೀರ್ಪಿನಲ್ಲಿ ಬಂತು.

ಹೀಗೆ ತೆರಿಗೆ ಕಟ್ಟುವ ‘ಅವನು’ ಹೆಂಗಸೂ ಹೌದು, ವೋಟು ಹಾಕುವ ‘ಅವನು’ ಗಂಡಸು ಮಾತ್ರ ಎಂಬ ಅನ್ಯಾಯ ನೆಲೆಯೂರಿತು. ದಂಡ ಸಂಹಿತೆಯ ‘ಅವನು’ ಹೆಂಗಸನ್ನು ಜೈಲಿಗೆ ಕಳಿಸುವಾಗ ಯಾವ ನ್ಯಾಯಾಲಯವೂ ಸಂದರ್ಭ ಹೊಂದುವುದೋ ಇಲ್ಲವೋ ಎಂದು ತಡೆದು ನೋಡಲಿಲ್ಲ. ಒಳಗೊಳ್ಳುವ ಭಾಷೆ ಬೇಕೆಂಬ ಬೇಡಿಕೆಯ ಬೇರು ಇರುವುದು ಇಲ್ಲಿ. ಅದು ಇತ್ತೀಚಿನ ಶೋಕಿ ಎನ್ನುವವರು ಮ್ಯಾಂಚೆಸ್ಟರಿನ ಆ ಅರ್ಜಿಗಳನ್ನು ಮರೆತಿರುತ್ತಾರೆ.

ಭಾರತದಲ್ಲಿ ಈ ಪ್ರಶ್ನೆ ಎತ್ತಿದವರು ವಕೀಲರಾಗಬಯಸಿದ ಹೆಂಗಸರು. ಕಲ್ಕತ್ತಾ ವಿಶ್ವವಿದ್ಯಾಲಯದ ಕಾನೂನು ಪದವಿ ಪಡೆದಿದ್ದ ರೆಜಿನಾ ಗುಹಾ 1916ರಲ್ಲಿ ಆಲಿಪುರದ ಜಿಲ್ಲಾ ನ್ಯಾಯಾಲಯದಲ್ಲಿ ಪ್ಲೀಡರ್ ಆಗಲು ಅರ್ಜಿ ಹಾಕಿದರು. 1879ರ ವಕೀಲರ ಕಾಯಿದೆ ‘ವ್ಯಕ್ತಿ’ ಎನ್ನುತ್ತಿತ್ತು, ಹೆಂಗಸು ಬೇಡ ಎಂದು ಎಲ್ಲೂ ಹೇಳಿರಲಿಲ್ಲ. ‘ಅವನು’ ಎಂದ ಕಡೆಗೆಲ್ಲ ಪುಲ್ಲಿಂಗ ಹೆಂಗಸನ್ನೂ ಒಳಗೊಳ್ಳುತ್ತದೆ ಎಂಬ ನಿಯಮವಿತ್ತು. ಹೈಕೋರ್ಟಿನ ವಿಶೇಷ ಪೀಠ ಒಪ್ಪಲಿಲ್ಲ. ಹೆಂಗಸರು ವಕೀಲಿಕೆ ಮಾಡುವುದು ಕಾಯಿದೆ ಮಾಡಿದವರ ಮನಸ್ಸಿನಲ್ಲಿ ಇರಲಿಲ್ಲವೆಂದಿತು. 1921ರಲ್ಲಿ ಪಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಇದೇ ಉತ್ತರ ಸಿಕ್ಕಿತು. ಅದೇ ವರ್ಷ ಅಲಹಾಬಾದ್ ಹೈಕೋರ್ಟು ಕಾರ್ನೇಲಿಯಾ ಸೊರಾಬ್ಜಿ ಅವರನ್ನು ವಕೀಲರೆಂದು ದಾಖಲಿಸಿಕೊಂಡಿತು. ಒಂದೇ ಕಾಯಿದೆ, ಒಂದೇ ಸರ್ವನಾಮ, ಊರಿಗೊಂದು ಅರ್ಥ. ಕೊನೆಗೆ 1923ರಲ್ಲಿ ಹೆಂಗಸರು ವಕೀಲರಾಗಬಹುದೆಂದು ಹೆಸರಿಟ್ಟು ಹೇಳುವ ಬೇರೊಂದು ಕಾಯಿದೆಯೇ ಬೇಕಾಯಿತು. ಹೀಗೆಯೇ, ಕೆನಡಾದ ಸೆನೆಟ್ಟಿಗೆ ನೇಮಕವಾಗಲು ಹೆಂಗಸು ‘ವ್ಯಕ್ತಿ’ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಅಲ್ಲಿನ ಸುಪ್ರೀಂ ಕೋರ್ಟು 1928ರಲ್ಲಿ ಅಲ್ಲವೆಂದಿತು. 1929ರ ಅಕ್ಟೋಬರ್ 18ರಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ಹೌದೆಂದಿತು.

ಹೆಂಗಸರನ್ನು ‘ಅವನು’ ಎಂಬುದರ ಹೊರಗಿಟ್ಟ ಆಡಳಿತವೇ ಇನ್ನು ಕೆಲವರನ್ನು ಬಲವಂತದಿಂದ ಅದರೊಳಗೆ ತುರುಕಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಎರಡನೇ ಭಾಗ ‘ಯೂನಕ್’ ಎಂದು ಕರೆದವರಿಗಾಗಿಯೇ ಇತ್ತು. ತಾನು ನಪುಂಸಕನೆಂದು ಒಪ್ಪಿಕೊಂಡ, ಇಲ್ಲವೇ ವೈದ್ಯಕೀಯ ತಪಾಸಣೆಯಲ್ಲಿ ಹಾಗೆ ಕಂಡ ‘ಗಂಡು ಲಿಂಗದ’ ವ್ಯಕ್ತಿಯೆಂದು ಅದರ ವ್ಯಾಖ್ಯೆ. ಮಕ್ಕಳನ್ನು ಕದಿಯುತ್ತಾರೆಂಬಂಥ ಸಂಶಯವಿದ್ದರೆ ಅವರ ಹೆಸರು ವಿಳಾಸ ರಿಜಿಸ್ಟರಿಗೆ ಸೇರುತ್ತಿತ್ತು. ಹೆಸರು ಸೇರಿದವರು ಹೆಂಗಸಿನಂತೆ ಉಡುಗೆ ತೊಡುಗೆ ತೊಟ್ಟು ಬೀದಿಯಲ್ಲಿ ಕಂಡರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಜೈಲು. ಅವರು ದತ್ತು ತೆಗೆದುಕೊಳ್ಳುವಂತಿರಲಿಲ್ಲ, ಉಯಿಲು ಬರೆಯುವಂತಿರಲಿಲ್ಲ. ದೇಹ ಒಂದು, ಸೀರೆ ಬಳೆ ಕುಣಿತಗಳಲ್ಲಿ ತೋರುವ ಬದುಕು ಇನ್ನೊಂದು ಎಂಬುದನ್ನು ಆ ಕಾಯಿದೆ ಚೆನ್ನಾಗಿಯೇ ಗುರುತಿಸಿತ್ತು. ಎರಡನೆಯದನ್ನು ಅಪರಾಧವೆಂದು ಕರೆಯುವುದಕ್ಕಾಗಿ ಗುರುತಿಸಿತ್ತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1919ರಲ್ಲಿ ಇದೇ ಮಾದರಿಯ ಕಾಯಿದೆ ಬಂತು. ಬೀದರ, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದಲ್ಲಿದ್ದವು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಡುವ ಜೋಗಪ್ಪಂದಿರು ಇರುವ ಸೀಮೆಗೆ ‘ಯೂನಕ್’ ಎಂಬ ಪದ ಯಾವ ರೀತಿಯಲ್ಲೂ ಒಗ್ಗುವಂಥದಲ್ಲ. ಆದರೂ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36ಎ ಕಲಂ ಅದೇ ಪದವನ್ನೂ ಅದೇ ರಿಜಿಸ್ಟರಿನ ಕಲ್ಪನೆಯನ್ನೂ ಮರಳಿ ತಂದಿತು. ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದ ಮೇಲೆ 2016ರಲ್ಲಿ ಆ ಪದ ಹೋಯಿತು.

ಪುಲ್ಲಿಂಗವನ್ನು ನಂಬಿ ಕೂರಬಾರದೆಂಬ ಪಾಠವನ್ನು ಜಗತ್ತಿನ ದೊಡ್ಡ ದಾಖಲೆಯೊಂದಕ್ಕೆ ಒಯ್ದವರು ಭಾರತದ ಹಂಸಾ ಮೆಹತಾ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ಎಲ್ಲರೂ ಎನ್ನುವುದಕ್ಕೆ ‘ಮೆನ್’ ಎಂದಿತ್ತು. ಅದನ್ನು ಹಾಗೇ ಬಿಟ್ಟರೆ ಹೆಂಗಸರನ್ನು ಹೊರಗಿಡಲು ನೆಪವಾಗುತ್ತದೆ ಎಂದು ಅವರು ಪಟ್ಟು ಹಿಡಿದರು. 1948ರಲ್ಲಿ ಒಪ್ಪಿತವಾದ ಮೊದಲ ವಿಧಿ ‘ಎಲ್ಲ ಮನುಷ್ಯರು’ ಎಂಬ ಅರ್ಥದ ಮಾತಿನಿಂದ ಶುರುವಾಗುತ್ತದೆ. ಅವರೂ ಸದಸ್ಯರಾಗಿದ್ದ ಸಂವಿಧಾನ ಸಭೆ 15ನೇ ವಿಧಿಯಲ್ಲಿ ‘ಸೆಕ್ಸ್’ ಆಧಾರದ ತಾರತಮ್ಯವನ್ನು ನಿಷೇಧಿಸಿತು. ಆದರೆ ರಾಷ್ಟ್ರಪತಿಯ ವಿಧಿಗಳಲ್ಲಿ ‘ಅವನು’ ಉಳಿಯಿತು. 367ನೇ ವಿಧಿಯ ಮೂಲಕ ಜನರಲ್ ಕ್ಲಾಸಸ್ ಕಾಯಿದೆಯೇ ಅದಕ್ಕೆ ಆಸರೆ.

‘ಜೆಂಡರ್’ ಎಂಬ ಪದ ವ್ಯಾಕರಣದ ಪುಸ್ತಕದಿಂದ ಮನುಷ್ಯರ ಬದುಕಿಗೆ ದಾಟಿದ್ದು ಇದರ ನಂತರ. 1955ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ಮನಿ, ಗಂಡು ಹೆಣ್ಣಿನ ಲಕ್ಷಣಗಳೆರಡೂ ಕಂಡುಬರುವ ಮಕ್ಕಳ ಬಗ್ಗೆ ಬರೆಯುವಾಗ, ಒಬ್ಬರು ತಮ್ಮನ್ನು ಗಂಡೆಂದೋ ಹೆಣ್ಣೆಂದೋ ತೋರಿಸಿಕೊಳ್ಳುವ ನಡೆನುಡಿಗೆ ಈ ಪದ ಬಳಸಿದರು. ಹುಡುಗನನ್ನು ಹುಡುಗಿಯಾಗಿ ಬೆಳೆಸಬಹುದೆಂಬ ಅವರ ನಂಬಿಕೆ ಒಂದು ಮಗುವಿನ ಬದುಕನ್ನೇ ಹಾಳುಮಾಡಿತೆಂಬುದು 1997ರಲ್ಲಿ ಬೆಳಕಿಗೆ ಬಂತು. ಪದ ಮಾತ್ರ ಉಳಿಯಿತು. ಮನೋವೈದ್ಯ ರಾಬರ್ಟ್ ಸ್ಟೋಲರ್ 1968ರ ಪುಸ್ತಕದಲ್ಲಿ ಸೆಕ್ಸ್ ಮತ್ತು ಜೆಂಡರ್ ಎರಡನ್ನೂ ಬಿಡಿಸಿಟ್ಟರು. ಬ್ರಿಟನ್ನಿನ ಸಮಾಜವಿಜ್ಞಾನಿ ಆನ್ ಓಕ್ಲಿ 1972ರಲ್ಲಿ ಅದನ್ನು ಸ್ತ್ರೀವಾದದ ಕೈಗೆ ಕೊಟ್ಟರು: ದೇಹ ಹುಟ್ಟಿನಿಂದ ಬಂದದ್ದು, ಅಡುಗೆಮನೆ ಯಾರದು ಎಂಬುದು ಸಮಾಜ ಹಂಚಿದ್ದು. ಈ ಗೆರೆಯೂ ಅಷ್ಟು ಸರಳವಲ್ಲ, ದೇಹವನ್ನು ನಾವು ನೋಡುವ ಬಗೆಯೂ ಸಮಾಜ ಕಲಿಸಿದ್ದೇ ಎಂದು ತತ್ವಜ್ಞಾನಿ ಜೂಡಿತ್ ಬಟ್ಲರ್ 1990ರಲ್ಲಿ ವಾದಿಸಿದರು.

ಅಮೆರಿಕದ ಕೋರ್ಟುಗಳಲ್ಲಿ ಪದ ಬದಲಾದ ಕಾರಣ ಬೇರೆ. 1970ರ ದಶಕದಲ್ಲಿ ಸಮಾನತೆಯ ಮೊಕದ್ದಮೆಗಳನ್ನು ನಡೆಸುತ್ತಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರಿಗೆ, ಅರ್ಜಿಗಳನ್ನು ಟೈಪ್ ಮಾಡುತ್ತಿದ್ದ ಕಾರ್ಯದರ್ಶಿ ಪುಟ ಪುಟದಲ್ಲೂ ‘ಸೆಕ್ಸ್’ ಎಂದಿದ್ದರೆ ಗಂಡಸು ನ್ಯಾಯಾಧೀಶರ ಗಮನ ಬೇರೆಡೆ ಹೋಗುತ್ತದೆ, ‘ಜೆಂಡರ್’ ಎಂದು ಹಾಕಿ ಎಂದು ಸೂಚಿಸಿದರು. ಗಿನ್ಸ್‌ಬರ್ಗ್ ಒಪ್ಪಿದರು. ಹೀಗೆ ಒಂದು ಕಡೆ ದೇಹದಿಂದ ಬೇರೆಯಾದ ಸಾಮಾಜಿಕ ಸಂಗತಿಯನ್ನು ಹೇಳುವ ಪದ, ಇನ್ನೊಂದು ಕಡೆ ದೇಹದ ಲಿಂಗಕ್ಕೇ ಸಭ್ಯವಾದ ಇನ್ನೊಂದು ಹೆಸರಾಯಿತು. ಅರ್ಜಿ ನಮೂನೆಗಳಲ್ಲಿ ಇವತ್ತಿಗೂ ಕಾಣುವ ಗೊಂದಲಕ್ಕೆ ಇದು ದೊಡ್ಡ ಕಾರಣ. ಕನ್ನಡ ಈ ಎರಡಕ್ಕೆ ಲಿಂಗ, ಲಿಂಗತ್ವ ಎಂಬ ಜೋಡಿಯನ್ನು ಮಾಡಿಕೊಂಡಿದೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಮಾತು ಸರ್ಕಾರಿ ಆದೇಶಗಳಲ್ಲೂ ಪತ್ರಿಕೆಗಳಲ್ಲೂ ಬಳಕೆಯಲ್ಲಿದೆ.

ಕಾಯಿದೆ ಬರೆಯುವವರು ‘ಅವನು’ ಬಿಡುವ ಪ್ರಯತ್ನ ಮಾಡಿದ್ದು ನಿಧಾನವಾಗಿ. ಬ್ರಿಟನ್ನಿನ ಸರ್ಕಾರ 2007ರ ಮಾರ್ಚ್ 8ರಂದು, ಸಚಿವ ಜ್ಯಾಕ್ ಸ್ಟ್ರಾ ಅವರ ಹೇಳಿಕೆಯಲ್ಲಿ, ಮುಂದಿನ ಮಸೂದೆಗಳನ್ನು ಸಾಧ್ಯವಾದಷ್ಟು ಲಿಂಗಭೇದವಿಲ್ಲದೆ ಬರೆಯುವುದಾಗಿ ತಿಳಿಸಿತು. ಕನ್ನಡದ ಕಾಯಿದೆಗಳು ‘ಯಾವನೇ ವ್ಯಕ್ತಿಯು’ ಎಂದು ಇಂಗ್ಲಿಷಿನ ಪುಲ್ಲಿಂಗವನ್ನೇ ಹೊತ್ತು ತಂದವು. ಭಾಷೆಗೆ ಆ ಹೊರೆ ಬೇಕಿರಲಿಲ್ಲ. ‘ಸಲ್ಲಿಸತಕ್ಕದ್ದು’, ‘ಹಾಜರಾಗತಕ್ಕದ್ದು’ ಎಂಬ ಕಾನೂನಿನ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಪ್ರತ್ಯಯವೇ ಇಲ್ಲ. ‘ಯಾವನೇ’ ಇದ್ದ ಕಡೆ ‘ಯಾರೇ’ ಎಂದು, ‘ಅವನು’ ಇದ್ದ ಕಡೆ ‘ಅವರು’ ಎಂದು ಬರೆದರೆ ವಾಕ್ಯ ಸಲೀಸಾಗಿ ನಿಲ್ಲುತ್ತದೆ. ಗೌರವಕ್ಕೆಂದು ದಿನವೂ ಆಡುವ ‘ಅವರು’ ಗಂಡಸಿಗೆ, ಹೆಂಗಸಿಗೆ, ಮಂಗಳಮುಖಿಯರಿಗೆ ಒಂದೇ. ಮನುಷ್ಯರನ್ನು ‘ಅದು’ ಎಂದು ಕರೆಯುವ ಕ್ರೌರ್ಯವೂ ಇದೇ ಭಾಷೆಯ ಬೀದಿಗಳಲ್ಲಿ ಇರುವುದರಿಂದ ಈ ‘ಅವರು’ ಸಣ್ಣ ಸಂಗತಿಯಲ್ಲ.

2014ರ ಏಪ್ರಿಲ್ 15ರಂದು ಭಾರತದ ಸುಪ್ರೀಂ ಕೋರ್ಟು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಬಗೆಗಿನ ‘ನಾಲ್ಸಾ’ ಪ್ರಕರಣದಲ್ಲಿ ಸಂವಿಧಾನದ 15 ಮತ್ತು 16ನೇ ವಿಧಿಗಳ ‘ಸೆಕ್ಸ್’ ಎಂಬ ಪದದಲ್ಲಿ ಲಿಂಗತ್ವದ ಗುರುತೂ ಸೇರಿದೆ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲಾತಿ ಕೊಟ್ಟ ಮೊದಲ ರಾಜ್ಯವಾಯಿತು. ಅತ್ತ 2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು, 2010ರ ಸಮಾನತಾ ಕಾಯಿದೆಯ ‘ಸೆಕ್ಸ್’ ಎಂದರೆ ಹುಟ್ಟಿನ ದೇಹದ ಲಿಂಗವೇ ಎಂದು ತೀರ್ಪಿತ್ತಿತು. ಹೆಂಗಸರಿಗೆಂದು ಪಡೆದ ರಕ್ಷಣೆಗಳು ಆ ಪದದ ಮೇಲೆ ನಿಂತಿವೆ ಎಂಬುದು ಒಂದು ಪಕ್ಷದ ಆತಂಕ. ಅದೇ ಪದ ತಮ್ಮನ್ನು ಮತ್ತೆ ಹೊರಗೆ ದಬ್ಬುತ್ತದೆ ಎಂಬುದು ಇನ್ನೊಂದು ಪಕ್ಷವಾದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಸಂಕಟ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ಎಂಟನೇ ಕಲಂ ಈಗ ಎರಡನೇ ಕಲಮಿನ ಹತ್ತನೇ ಖಂಡ: ‘ಅವನು’ ಎಂಬುದು ಗಂಡಾಗಲಿ, ಹೆಣ್ಣಾಗಲಿ, ಟ್ರಾನ್ಸ್‌ಜೆಂಡರ್ ಆಗಲಿ ಯಾವ ವ್ಯಕ್ತಿಗೂ ಅನ್ವಯಿಸುತ್ತದೆ. ಟ್ರಾನ್ಸ್‌ಜೆಂಡರ್ ಯಾರೆಂಬುದಕ್ಕೆ ಅದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯಿದೆಯ ವ್ಯಾಖ್ಯೆಯನ್ನು ತೋರಿಸುತ್ತದೆ. ಕಿನ್ನರ್, ಹಿಜ್ರಾ, ಅರವಾಣಿ ಎಂಬ ಹೆಸರುಗಳ ಜೊತೆ ಜೋಗ್ತ ಎಂಬ ಹೆಸರೂ ಆ ವ್ಯಾಖ್ಯೆಯಲ್ಲಿ ಬಂದಿತ್ತು. ಹೆಂಗಸಿನ ಬಟ್ಟೆ ಬಿಚ್ಚಿಸುವ, ಕದ್ದು ನೋಡುವ ಅಪರಾಧಗಳಲ್ಲಿ ಮುಂಚೆ ‘ಯಾವನೇ ಗಂಡಸು’ ಎಂದಿದ್ದದ್ದು ‘ಯಾರೇ’ ಎಂದಾಗಿದೆ. ನೊಂದವರು ಮಾತ್ರ ಹೆಂಗಸೇ ಆಗಿರಬೇಕು. ಅತ್ಯಾಚಾರದ 63ನೇ ಕಲಮಿನಲ್ಲಿ ಎಸಗುವವನು ಗಂಡಸು, ನೊಂದವಳು ಹೆಂಗಸು. ಕನಿಷ್ಠ ಶಿಕ್ಷೆ ಹತ್ತು ವರ್ಷ. ಒಪ್ಪಿಗೆಯಿಲ್ಲದ ಕೃತ್ಯಗಳ ಮಟ್ಟಿಗೆ ಗಂಡಸರಿಗೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೂ ರಕ್ಷಣೆಯಾಗಿ ಉಳಿದಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಂ ಹೊಸ ಸಂಹಿತೆಯಲ್ಲಿ ಬರಲಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2019ರ ಕಾಯಿದೆಯ 18ನೇ ಕಲಂ ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ.