ರಾಣಿಯ ತೋಳು, ನರ್ಸಮ್ಮನ ಮಾತು

ಸಿಡುಬೆದ್ದರೆ ‘ಅಮ್ಮ ಬಂದಳು’ ಎನ್ನುತ್ತಿದ್ದ ಕಾಲ. 1802ರಲ್ಲಿ ಭಾರತಕ್ಕೆ ಬಂದ ದನದ ಸಿಡುಬಿನ ಲಸಿಕೆಗೆ ಮಕ್ಕಳ ತೋಳೊಡ್ಡಲು ಜನ ಹಿಂಜರಿದರು. ಮೈಸೂರಿನಲ್ಲಿ ಆ ಅಂಜಿಕೆ ಬಿಡಿಸಲು ಮುಂದಾದವರು ರಾಣಿ ಲಕ್ಷ್ಮಮ್ಮಣ್ಣಿ. ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿಗೆ ಲಸಿಕೆ ಹಾಕಿಸಿದ ಸುದ್ದಿಯನ್ನು ಅವರು ಸಾರಿದಾಗ ಹಲವರ ಅಳುಕು ಕರಗಿತೆಂದು 1806ರ ದಾಖಲೆ ಹೇಳುತ್ತದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ರಾಣಿಯೊಬ್ಬರು ತೋಳಿನ ಮೇಲೆ ಲಸಿಕೆ ಹಾಕಿದ ಜಾಗವನ್ನೇ ತೋರುತ್ತಿದ್ದಾರೆ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯ.

ಸಿಡುಬು 1980ರ ಹೊತ್ತಿಗೆ ಲೋಕದಿಂದಲೇ ಹೋಯಿತು. ತಾಯ್ತಂದೆಯರ ಅಳುಕು ಹೋಗಲಿಲ್ಲ. ಬದನವಾಳಿನಂಥ ಊರುಗಳಲ್ಲಿ ಈಗ ರಾಣಿಯ ಕೆಲಸ ನರ್ಸಮ್ಮನ ಪಾಲಿಗೆ ಬಂದಿದೆ. ‘ಮಗೀಗೆ ಜ್ವರ ಬತ್ತದಲ್ಲವಾ?’ ಎಂದ ತಾಯಿಗೆ ‘ಬರಬೌದು ಕಣವ್ವ, ಒಂದೆರಡು ದಿನಕ್ಕೆ ಇಳೀತದೆ’ ಎಂದು ಮುಚ್ಚಿಡದೆ ಹೇಳುವ ನಿಜವೇ ನಂಬಿಕೆಯ ಬುಡ.