ಮೆರ್ಲೋ ಹೆಸರಲ್ಲಿ ಬದುಕಿದ ಕಾರ್ಮೆನೇರ್

ಫ್ರಾನ್ಸಿನ ಬೋರ್ಡೋ ಸೀಮೆಯ ಹಳೆಯ ಕಪ್ಪು ದ್ರಾಕ್ಷಿ ಕಾರ್ಮೆನೇರ್. 1860ರ ದಶಕದಿಂದ ಬೇರು ಹೀರುವ ಫಿಲೋಕ್ಸೆರಾ ಹೇನು ಅಲ್ಲಿನ ತೋಟಗಳನ್ನು ಹಾಳುಮಾಡಿತು. ಸರಿಯಾಗಿ ಕಾಯಿ ಕಚ್ಚದ ಈ ತಳಿಯನ್ನು ಮತ್ತೆ ನೆಡೋಕೆ ಹೆಚ್ಚಿನವರು ಮನಸ್ಸು ಮಾಡಲಿಲ್ಲ.

ಆದರೆ ಅಷ್ಟರಲ್ಲೇ ಇದರ ಕಡ್ಡಿಗಳು ಹಡಗು ಹತ್ತಿ ಚಿಲಿ ಸೇರಿದ್ದವು. ಅಲ್ಲಿ ಮೆರ್ಲೋ ಬಳ್ಳಿಗಳ ಜತೆ ಬೆರೆತು, ಮೆರ್ಲೋ ಅಂತಲೇ ಮಾರಾಟವಾದವು. ತೊಂದರೆ ಏನಂದ್ರೆ, ಕಾರ್ಮೆನೇರ್ ಮಾಗೋದು ಮೆರ್ಲೋಗಿಂತ ಕೆಲವು ವಾರ ತಡ. ಎರಡನ್ನೂ ಒಟ್ಟಿಗೆ ಕೊಯ್ದರೆ ವೈನ್‌ನಲ್ಲಿ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ!

1994ರಲ್ಲಿ ಫ್ರೆಂಚ್ ತಜ್ಞ ಝಾನ್-ಮಿಷೆಲ್ ಬುರ್ಸಿಕೊ ಚಿಲಿಯ ತೋಟವೊಂದರಲ್ಲಿ ಅಸಲಿ ಗುರುತು ಹಿಡಿದರು. ಆಮೇಲೆ ಇದಕ್ಕೆ ಬೇರೆಯೇ ಕೊಯ್ಲು. ಚೆನ್ನಾಗಿ ಮಾಗಿದ ಹಣ್ಣಿನ ವೈನ್ ಗಾಢ, ಮೃದು, ಕೋಕೋ ನೆನಪಿಸುತ್ತೆ; ಕ್ಯಾಬರ್ನೆ ಸೋವಿನ್ಯೋನ್ ಜತೆ ಬೆರೆಸೋದೂ ಉಂಟು. ಆ ಮೆಣಸಿನಕಾಯಿ ವಾಸನೆ ಒಂಚೂರು ಉಳಿದರೇನೇ ಚೆಂದ ಅನ್ನೋದು ನನ್ನ ಪಕ್ಷ.