ಯಂತ್ರದ ನೆನಪು, ಪೇಟೆಯ ಮರೆವು

1932ರ ಡಿಸೆಂಬರ್ 31. ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ವಿದ್ವಾಂಸರ ಸಭೆಯೊಂದರಲ್ಲಿ ಆಲ್ಫ್ರೆಡ್ ಕೌಲ್ಸ್ ಒಂದು ಪ್ರಬಂಧ ಓದಿದರು. ಷೇರುಪೇಟೆಯ ಭವಿಷ್ಯ ಹೇಳುವವರಿಗೆ ನಿಜಕ್ಕೂ ಭವಿಷ್ಯ ಗೊತ್ತಿರುತ್ತದೆಯೇ ಎಂಬುದು ಅವರ ಪ್ರಶ್ನೆ. ಕ್ಷಯರೋಗದಿಂದಾಗಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ನೆಲೆಸಿದ್ದ ಕೌಲ್ಸ್, ಮನೆತನದ ಹಣ ನೋಡಿಕೊಳ್ಳಲು ಹಲವು ಸಲಹಾ ಪತ್ರಿಕೆಗಳನ್ನು ತರಿಸುತ್ತಿದ್ದರು. 1929ರ ಮಹಾಕುಸಿತದ ಹೊತ್ತಿಗೆ ಅವು ಕೈಕೊಟ್ಟಿದ್ದವು. ಹಾಗಾದರೆ ಹಳೆಯ ಸಲಹೆಗಳನ್ನೆಲ್ಲ ತೆಗೆದು ಲೆಕ್ಕ ಹಾಕಿಯೇ ಬಿಡೋಣ ಎಂದು ಅವರು ಹೊರಟರು.

ವಾಲ್ ಸ್ಟ್ರೀಟ್ ಜರ್ನಲ್‌ನ ಸಂಪಾದಕರಾಗಿದ್ದ ವಿಲಿಯಂ ಪೀಟರ್ ಹ್ಯಾಮಿಲ್ಟನ್ 1904ರಿಂದ 1929ರವರೆಗೆ ಬರೆದ ಸಂಪಾದಕೀಯಗಳು ಆ ಲೆಕ್ಕದಲ್ಲಿದ್ದವು. ಪೇಟೆಯ ದಿಕ್ಕು ಬದಲಾಗುತ್ತದೆಂದು ಹ್ಯಾಮಿಲ್ಟನ್ ಹೇಳಿದ್ದು 90 ಸಲ. ಅದರಲ್ಲಿ 45 ಸರಿ, 45 ತಪ್ಪು. ಅವರ ಮಾತಿನಂತೆ ಕೊಂಡು ಮಾರಿದವನಿಗಿಂತ, ಷೇರು ಕೊಂಡು ಸುಮ್ಮನೆ ಕುಳಿತವನಿಗೇ ಹೆಚ್ಚು ಲಾಭವಾಗುತ್ತಿತ್ತು.

ಒಂದು ತಂತ್ರವನ್ನು ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವ ಈ ಕೆಲಸಕ್ಕೆ ಇಂದು ಬ್ಯಾಕ್‌ಟೆಸ್ಟಿಂಗ್ ಎನ್ನುತ್ತಾರೆ. ನಾಳೆ ಹಾಕುವ ದುಡ್ಡಿಗೆ ನಿನ್ನೆಯನ್ನು ಸಾಕ್ಷಿಗೆ ಕರೆಯುವುದು ಅಂತಿಟ್ಟುಕೊಳ್ಳಿ. ಸಾಕ್ಷಿಗೆ ಎಷ್ಟು ನೆನಪಿದೆ, ಏನು ಮರೆತಿದೆ ಎಂಬುದರ ಮೇಲೆ ತೀರ್ಪು ನಿಂತಿರುತ್ತದೆ. ಇಲ್ಲಿ ನೆನಪು ಎನ್ನುವುದು ಬರೀ ರೂಪಕವಲ್ಲ, ಕಂಪ್ಯೂಟರಿನ ಮೆಮೊರಿಯೂ ಹೌದು.

1960ರಲ್ಲಿ ಮೆರಿಲ್ ಲಿಂಚ್ ಸಂಸ್ಥೆಯ ಲೂಯಿ ಎಂಗೆಲ್ ಅವರು ಷಿಕಾಗೊ ವಿಶ್ವವಿದ್ಯಾಲಯದ ಜೇಮ್ಸ್ ಲೋರಿಯವರನ್ನು ಕೇಳಿದರು: ಸಾಮಾನ್ಯ ಮನುಷ್ಯ ಷೇರಿನಲ್ಲಿ ಹಣ ಹಾಕಿದ್ದರೆ ಎಷ್ಟು ಗಳಿಸಿರುತ್ತಿದ್ದ? ಉತ್ತರ ಯಾರಲ್ಲೂ ಇರಲಿಲ್ಲ. ಲೋರಿ ಮತ್ತು ಲಾರೆನ್ಸ್ ಫಿಶರ್ 1926ರಿಂದ 1960ರವರೆಗಿನ ನ್ಯೂಯಾರ್ಕ್ ಪೇಟೆಯ ಸಾಮಾನ್ಯ ಷೇರುಗಳ ಬೆಲೆ, ಲಾಭಾಂಶ, ವಿಲೀನ, ದಿವಾಳಿಗಳನ್ನೆಲ್ಲ ಕಲೆಹಾಕಿದರು. 1964ರ ಆರಂಭದಲ್ಲಿ ಉತ್ತರ ಪ್ರಕಟವಾಯಿತು: ತೆರಿಗೆ ಬಿಟ್ಟು ನೋಡಿದರೆ ವರ್ಷಕ್ಕೆ ಸರಾಸರಿ ಶೇ. 9. ಮುಳುಗಿದ ಕಂಪನಿಗಳನ್ನೂ ಲೆಕ್ಕದಲ್ಲಿ ಉಳಿಸಿಕೊಂಡದ್ದರಿಂದಲೇ ಆ ಸಂಖ್ಯೆಗೆ ತೂಕ ಬಂತು.

ಆ ಕಾಲದ ಯಂತ್ರಗಳ ಬಡತನ ನೋಡಿ. ದೊಡ್ಡ ಯಂತ್ರಗಳಲ್ಲಿ ಒಂದಾದ ಐಬಿಎಂ 7090ರ ಮೆಮೊರಿಯಲ್ಲಿ ಇದ್ದದ್ದು 32,768 ಪದಗಳಷ್ಟು ಜಾಗ. 35 ವರ್ಷವೆಂದರೆ 420 ತಿಂಗಳು. ತಿಂಗಳಿಗೊಂದು ಬೆಲೆಯಂತೆ ಸಾವಿರ ಕಂಪನಿಗಳನ್ನು ಹಿಡಿದರೂ 4,20,000 ಬೆಲೆಗಳಾಗುತ್ತವೆ. ಎಲ್ಲವನ್ನೂ ಒಮ್ಮೆಲೇ ತುಂಬುವ ಮಾತೇ ಇಲ್ಲ. ಇಂಥ ದತ್ತಾಂಶ ಇರುತ್ತಿದ್ದದ್ದು ಕಾಂತೀಯ ಟೇಪಿನ ಮೇಲೆ. ಸುರುಳಿ ಬಿಚ್ಚುತ್ತ, ಒಂದು ದಾಖಲೆ ಓದಿ, ಬೇಕಾದ್ದನ್ನು ಇಟ್ಟುಕೊಂಡು ಮುಂದೆ ಹೋಗಬೇಕು.

ಈ ಬಡತನ ಒಂದು ಜಾಣ್ಮೆಯನ್ನು ಕಲಿಸಿತು. ಇಪ್ಪತ್ತು ದಿನಗಳ ಸರಾಸರಿಗೆ ಇಪ್ಪತ್ತು ವರ್ಷಗಳ ಬೆಲೆ ಬೇಕಿಲ್ಲ. ಹೊಸದನ್ನು ಕೂಡಿ ಹಳೆಯದನ್ನು ಕಳೆಯುತ್ತ ಹೋದರೆ ಇಪ್ಪತ್ತೇ ಸಂಖ್ಯೆಗಳು ಸಾಕು. 1962ರಲ್ಲಿ ಬಿ. ಪಿ. ವೆಲ್ಫರ್ಡ್ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಸಂಖ್ಯೆಗಳು ಒಂದೊಂದಾಗಿ ಬರುತ್ತಿರುವಾಗಲೇ, ಹಿಂದಿನವನ್ನು ಕೂಡಿಡದೆ, ಅವುಗಳ ಏರಿಳಿತವನ್ನು ಅಳೆಯುವ ವಿಧಾನ ಅದರಲ್ಲಿತ್ತು. ಬ್ಯಾಕ್‌ಟೆಸ್ಟಿಂಗ್ ತಂತ್ರಾಂಶಗಳಿಗೆ ಇಂದಿಗೂ ಅದು ಒದಗಿಬರುತ್ತದೆ.

ಈಗ ನಮ್ಮ ಕಾಲಕ್ಕೆ ಬನ್ನಿ. ನಮ್ಮ ಷೇರುಪೇಟೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ, ಅಂದರೆ 375 ನಿಮಿಷ ನಡೆಯುತ್ತದೆ. ವರ್ಷಕ್ಕೆ ಸುಮಾರು 250 ದಿನ. 50 ಕಂಪನಿಗಳ ಹತ್ತು ವರ್ಷಗಳ ನಿಮಿಷವಾರು ಲೆಕ್ಕ ತೆಗೆದರೆ ಸುಮಾರು 4.7 ಕೋಟಿ ಸಾಲು. ಸಾಲಿಗೆ ಐದು ಸಂಖ್ಯೆ, ಸಂಖ್ಯೆಗೆ ಎಂಟು ಬೈಟ್ ಎಂದರೂ ಹತ್ತಿರ ಹತ್ತಿರ ಎರಡು ಜಿಬಿ. ಅಷ್ಟೇ ತಾನೇ ಎನ್ನಬೇಡಿ. ಲೆಕ್ಕದ ನಡುವೆ ಪ್ರತಿಗಳು ಹುಟ್ಟುತ್ತವೆ. ಪಾಂಡಾಸ್ ಎಂಬ ಜನಪ್ರಿಯ ತಂತ್ರಾಂಶ ಕಟ್ಟಿದ ವೆಸ್ ಮೆಕಿನ್ನಿಯವರೇ, ದತ್ತಾಂಶದ ಐದರಿಂದ ಹತ್ತು ಪಟ್ಟು ಮೆಮೊರಿ ಇರಲಿ ಎಂದು 2017ರಲ್ಲಿ ಬರೆದಿದ್ದರು. ಎಂಟು ಜಿಬಿಯ ಲ್ಯಾಪ್‌ಟಾಪ್ ಇಟ್ಟುಕೊಂಡ ವಿದ್ಯಾರ್ಥಿ ಇಲ್ಲೇ ಏದುಸಿರು ಬಿಡುತ್ತಾನೆ.

ಆಗ ಅವನು ಏನನ್ನು ಬಿಡುತ್ತಾನೆ ಎಂಬುದೇ ಮುಖ್ಯ. ಬೇಡದ ಅಂಕಣಗಳನ್ನು ಬಿಡಬಹುದು. ಎಂಟು ಬೈಟಿನ ಸಂಖ್ಯೆಯನ್ನು ನಾಲ್ಕಕ್ಕೆ ಇಳಿಸಬಹುದು. ಬೆಲೆಗೆ ಬಹುಮಟ್ಟಿಗೆ ಅದು ನಡೆಯುತ್ತದೆ, ಆದರೆ ನಾಲ್ಕು ಬೈಟಿನ ದಶಮಾಂಶ ಸಂಖ್ಯೆ 1,67,77,216 ದಾಟಿದರೆ ಬಿಡಿ ಎಣಿಕೆ ತಪ್ಪತೊಡಗುತ್ತದೆ. ದೊಡ್ಡ ವಹಿವಾಟಿನ ಮೊತ್ತ ಕೂಡುವಾಗ ಎಚ್ಚರ ಬೇಕು. ಟೇಪಿನ ಕಾಲದಂತೆ ತಿಂಗಳು ತಿಂಗಳಾಗಿ ಓದಿ ಮುಂದುವರಿಯುವುದು ಇನ್ನೂ ಒಳ್ಳೆಯದು.

ಬಿಡಬಾರದ್ದು ಸತ್ತ ಕಂಪನಿಗಳನ್ನು. ಇಂದಿನ ನಿಫ್ಟಿಯ 50 ಹೆಸರು ಸಾಕೆಂದು 2005ರಿಂದ ಲೆಕ್ಕ ಶುರುಮಾಡಿದರೆ ಸತ್ಯಂ ಅದರಲ್ಲಿ ಇರುವುದೇ ಇಲ್ಲ. ಆದರೆ ಆಗ ಅದು ಸೂಚ್ಯಂಕದಲ್ಲಿತ್ತು, ಜನರ ದುಡ್ಡು ಅದರಲ್ಲಿತ್ತು. 2009ರ ಜನವರಿಯಲ್ಲಿ ಲೆಕ್ಕದ ವಂಚನೆ ಹೊರಬಿದ್ದಾಗ ಅವರು ಕಳೆದುಕೊಂಡದ್ದು ನಮ್ಮ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಜಾಗ ಉಳಿಯಿತು, ಸುಳ್ಳು ಲಾಭ ಹುಟ್ಟಿತು.

ಮೆಮೊರಿ ಹೇರಳವಾಗಿದ್ದರೆ ಇನ್ನೊಂದು ಅಪಾಯ. ಹತ್ತು ವರ್ಷವೂ ಒಮ್ಮೆಗೇ ಎದುರಿಗಿದ್ದಾಗ, ಆ ಹತ್ತೂ ವರ್ಷಗಳ ಗರಿಷ್ಠ ಬೆಲೆಯನ್ನು ಹಿಡಿದು ಮೊದಲ ವರ್ಷದ ತೀರ್ಮಾನ ಮಾಡಿಬಿಡುವುದು ಬಲು ಸುಲಭ. ನಾಳೆಯನ್ನು ಕದ್ದು ನೋಡಿದಂತಾಯಿತು ಎಂಬುದು ಬರೆದವನಿಗೂ ತಿಳಿಯುವುದಿಲ್ಲ. ದಿನಾಂಕದ ಕ್ರಮದಲ್ಲಿ ಬಿಚ್ಚಿಕೊಳ್ಳುವ ಟೇಪು ಹಾಗೆ ಬಿಡುತ್ತಿರಲಿಲ್ಲ. ಇಂದಿನವರೆಗೆ ಸುತ್ತು ಬಿಚ್ಚಿದ್ದರೆ ಇಂದಿನವರೆಗಷ್ಟೇ ಗೊತ್ತು. ಮನುಷ್ಯ ಬದುಕುವುದೂ ಹಾಗೆಯೇ.

ಹ್ಯಾಮಿಲ್ಟನ್ ಬರೆದದ್ದು ನಾಳೆ ಗೊತ್ತಿಲ್ಲದ ಸ್ಥಿತಿಯಲ್ಲಿ. 45 ಸಲ ಗೆದ್ದರು, 45 ಸಲ ಸೋತರು. ನಮ್ಮ ಲ್ಯಾಪ್‌ಟಾಪು 90ಕ್ಕೆ 80 ಗೆಲುವು ತೋರಿಸಿದರೆ, ದುಡ್ಡು ಹಾಕುವ ಮುನ್ನ ಕೇಳಿಕೊಳ್ಳೋಣ: ಈ ಸಾಕ್ಷಿ ಯಾರನ್ನು ಮರೆತಿದೆ? ಇನ್ನೂ ನಡೆಯದ ಯಾವುದನ್ನು ನೆನಪಿಟ್ಟುಕೊಂಡಿದೆ?